ರಾಯಚೂರಿನ ಬಿಸಿಲಿಗೆ ಸೋಲಾರ್ ಬ್ಯಾಟರಿ: ಎಲ್ಲಿಡೋದು, ಯಾವುದು ಕೊಳ್ಳೋದು, ಹೇಗೆ ತಂಪು ಮಾಡೋದು

ಮೇ ತಿಂಗಳ ಒಂದು ರಾತ್ರಿ, ಒಂಬತ್ತೂವರೆ. ಕರೆಂಟ್ ಹೋಗಿ ಇನ್ನೂ ಅರ್ಧ ತಾಸು ಆಗಿರಲಿಲ್ಲ, ಇನ್ವರ್ಟರ್ ಕುಂಯ್ ಕುಂಯ್ ಅನ್ನತೊಡಗಿತು. ಟಾರ್ಚ್ ಹಿಡಿದು ಮಾಳಿಗೆ ಮೇಲಿನ ತಗಡಿನ ಕೋಣೆಗೆ ಹೋದೆ. ಬ್ಯಾಟರಿಯ ಮೈಮೇಲೆ ಅಂಗೈ ಇಟ್ಟರೆ, ಬಿಸಿ ರೊಟ್ಟಿ ತುಂಬಿದ ಬುಟ್ಟಿಯನ್ನು ಮುಟ್ಟಿದ ಹಾಗಿತ್ತು. ಸೂರ್ಯ ಮುಳುಗಿ ಮೂರು ತಾಸಿನ ಹತ್ತಿರ ಆಗಿತ್ತು. ಹೊರಗಿನ ಗಾಳಿ ತುಸು ಆರಿತ್ತು. ಬ್ಯಾಟರಿ ಮಾತ್ರ ಮಧ್ಯಾಹ್ನದ ಧಗೆಯನ್ನು ಹೊಟ್ಟೆಯಲ್ಲಿ ಹಾಗೇ ಇಟ್ಟುಕೊಂಡು ಕೂತಿತ್ತು.

ಅವು 150 ಆಂಪಿಯರ್ ಅವರ್‌ನ ನಾಲ್ಕು ಟ್ಯೂಬುಲರ್ ಬ್ಯಾಟರಿಗಳು. ಐದು ವರ್ಷ ಬಾಳುತ್ತವೆ ಅಂದುಕೊಂಡಿದ್ದೆ. ಎರಡನೇ ಬೇಸಿಗೆಗೇ ಒಂದರ ಪಕ್ಕೆ ಉಬ್ಬಿತು, ಇನ್ನೊಂದು ಚಾರ್ಜ್ ಹಿಡಿಯುವುದನ್ನೇ ಬಿಟ್ಟಿತು. ಫಿಟಿಂಗ್‌ಗೆ ಬಂದಿದ್ದ ಹುಡುಗ "ಸರ್, ಮಾಳಿಗೆ ಮ್ಯಾಲೇ ಇಡೋಣ, ವೈರ್ ಉಳೀತಾವ" ಅಂದಿದ್ದ. ನಾನೂ ಹೂಂ ಅಂದಿದ್ದೆ. ತಪ್ಪು ಇಬ್ಬರದೂ.

ಬಳ್ಳಾರಿಯವರು ತಮ್ಮಲ್ಲಿ ಇರುವುದು ಬೇಸಿಗೆ, ಕಡುಬೇಸಿಗೆ ಎರಡೇ ಕಾಲ ಅಂತ ನಗುತ್ತಾರೆ. ರಾಯಚೂರಿನ ನಾವೇನೂ ಕಡಿಮೆ ಇಲ್ಲ. ಶಕ್ತಿನಗರದ 1720 ಮೆಗಾವ್ಯಾಟ್ ಸ್ಥಾವರ ಪಕ್ಕದಲ್ಲೇ ಇದ್ದರೂ ಬೇಸಿಗೆಯಲ್ಲಿ ಮನೆಗೊಂದು ಬ್ಯಾಟರಿ ಬೇಕು ಅನ್ನಿಸುವ ಊರು ಇದು. ಹಾಗಾಗಿ ಬ್ಯಾಟರಿ ಕೊಳ್ಳುವ ಮೊದಲು, ಅಥವಾ ಈಗಿರುವುದನ್ನು ಉಳಿಸಿಕೊಳ್ಳಲು, ನಮ್ಮ ಮುಂದೆ ಏನೇನು ದಾರಿ ಇವೆ ಅಂತ ಒಂದೊಂದಾಗಿ ತೂಗಿ ನೋಡೋಣ. ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಕೆಲಸ ಜಾಗ ಆರಿಸುವುದರಲ್ಲೇ ಮುಗಿಯುತ್ತದೆ. ಫ್ಯಾನು, ಕೂಲರು ಎಲ್ಲಾ ಆಮೇಲಿನ ಮಾತು.

ಬಿಸಿ ಬರೋದು ಎಲ್ಲಿಂದ?

ಎರಡು ಕಡೆಯಿಂದ. ಒಂದು, ಸುತ್ತಲಿನ ಗಾಳಿ, ಗೋಡೆ, ಮೇಲಿನ ತಗಡು. ಇನ್ನೊಂದು, ಬ್ಯಾಟರಿಯ ಒಳಗಿನಿಂದಲೇ. ಟ್ಯೂಬುಲರ್ ಅಂದರೆ ಸೀಸ ಮತ್ತು ಆಸಿಡ್‌ನ ಬ್ಯಾಟರಿ. ಅದಕ್ಕೆ ತುಂಬಿದ್ದರಲ್ಲಿ ಸುಮಾರು ಐದರಲ್ಲೊಂದು ಪಾಲು ವಾಪಸ್ ಬರುವುದಿಲ್ಲ. ದಿನಕ್ಕೆ ಮೂರು ಯೂನಿಟ್ ತುಂಬಿದರೆ ಅರ್ಧ ಯೂನಿಟ್‌ಗಿಂತ ಜಾಸ್ತಿ ಕಳೆದುಹೋಗುತ್ತದೆ, ಅದರಲ್ಲಿ ಬಹುಪಾಲು ಬಿಸಿಯಾಗಿ. ಐದು ತಾಸಿನ ಬಿಸಿಲಲ್ಲಿ ಅದು ನಡೆಯುತ್ತದೆ ಅಂದರೆ, ನಾಲ್ಕು ಬ್ಯಾಟರಿಗಳ ನಡುವೆ ಹಳೇ ಕಾಲದ 100 ವ್ಯಾಟ್ ಗುಂಡು ಬಲ್ಬೊಂದನ್ನು ಹಚ್ಚಿಟ್ಟ ಹಾಗೆ. ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಅಷ್ಟಕ್ಕೇ ಬ್ಯಾಟರಿ ಎಂಟೊಂಬತ್ತು ಡಿಗ್ರಿ ಏರಿಬಿಡುತ್ತದೆ.

ಇನ್ನೊಂದು ವಿಷಯ ಮರೆಯಬಾರದು. ಒಂದೊಂದು ಬ್ಯಾಟರಿಯೂ ಐವತ್ತು ಕಿಲೋ ದಾಟುತ್ತದೆ. ಅಷ್ಟು ಭಾರದ ಸಾಮಾನು ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಮಧ್ಯಾಹ್ನ ಎರಡಕ್ಕೆ ಹೊರಗೆ 42 ಇದ್ದರೆ ಬ್ಯಾಟರಿಯೂ ತಕ್ಷಣ 42 ಆಗಿಬಿಡುವುದಿಲ್ಲ. ಇಡೀ ದಿನದ ಸರಾಸರಿಯ ಆಸುಪಾಸಿನಲ್ಲಿ ನಿಧಾನಕ್ಕೆ ಮೇಲೆ ಕೆಳಗೆ ಆಡುತ್ತಿರುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲೂ ಬೆಳಗಿನ ಜಾವ 26–27ಕ್ಕೆ ಇಳಿಯುವುದುಂಟು. ಆ ತಂಪನ್ನು ಬ್ಯಾಟರಿಗೆ ಮುಟ್ಟಿಸಿದರೆ ನೀವು ಅರ್ಧ ಗೆದ್ದ ಹಾಗೆ.

ನಮ್ಮ ದೇಶದಲ್ಲಿ ಟ್ಯೂಬುಲರ್ ಬ್ಯಾಟರಿಯ ಅಳತೆ ಹೇಳುವುದು 27 ಡಿಗ್ರಿಗೆ. ಅಲ್ಲಿಂದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕಸುಬಿನವರ ಒಪ್ಪಿತ ಲೆಕ್ಕ. ವರ್ಷವಿಡೀ 37ರಲ್ಲಿ ಕೂತ ಐದು ವರ್ಷದ ಬ್ಯಾಟರಿ ಎರಡೂವರೆ ವರ್ಷಕ್ಕೇ ಮುಗಿಯುತ್ತದೆ. ನನ್ನ ತಗಡಿನ ಕೋಣೆಯ ಕಥೆ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಜಾಗ: ಮಾಳಿಗೆಯಾ, ಮೆಟ್ಟಿಲ ಕೆಳಗಾ, ಉತ್ತರದ ಕೋಣೆಯಾ?

ಬ್ಯಾಟರಿ ಕೆಟ್ಟ ಮೇಲೆ ಹೊಸ ಜಾಗ ಹುಡುಕುತ್ತಾ ಮನೆಯೆಲ್ಲಾ ತಿರುಗುತ್ತಿದ್ದೆ. ಕೈಯಲ್ಲಿ ವೈರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್. ಅವ್ವ ನೋಡಿ ನೋಡಿ ಅಂದರು, "ಅದನ್ಯಾಕ ಹಿಡಕೊಂಡು ಅಡ್ಡಾಡ್ತೀಯಪ್ಪ? ನೀರಿನ ಹರವಿ ಎಲ್ಲಿ ಇಟ್ಟೀವಿ ನೋಡು. ಮನ್ಯಾಗ ತಂಪು ಅಲ್ಲೇ ಐತಿ."

ಅಳೆದು ನೋಡಿದೆ. ಮಧ್ಯಾಹ್ನ ಮೂರಕ್ಕೆ ತಗಡಿನ ಕೋಣೆಯಲ್ಲಿ 49. ಮೆಟ್ಟಿಲ ಕೆಳಗೆ 38. ಅವ್ವನ ಹರವಿ ಇದ್ದ ಉತ್ತರದ ಮೂಲೆಯಲ್ಲಿ, ನೆಲಕ್ಕೆ ಹತ್ತಿ, 34. ಒಂದೇ ಮನೆ, ಒಂದೇ ಹೊತ್ತು, ಹದಿನೈದು ಡಿಗ್ರಿ ವ್ಯತ್ಯಾಸ. ಯಾವ ಫ್ಯಾನು ಈ ಹದಿನೈದು ಡಿಗ್ರಿ ಇಳಿಸಿಕೊಡುತ್ತದೆ ಹೇಳಿ?

ಹರವಿಯ ಪಕ್ಕದಲ್ಲೇ ಬ್ಯಾಟರಿ ಇಡಿ ಅನ್ನುತ್ತಿಲ್ಲ. ಅದು ಸಾಮಾನ್ಯವಾಗಿ ಅಡುಗೆ ಮನೆಗೆ ಹತ್ತಿರ ಇರುತ್ತದೆ. ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಕಿಡಿ ತಗುಲಿ ಹೊತ್ತಿಕೊಳ್ಳಬಹುದು. ಒಲೆ, ದೇವರ ದೀಪ, ಊದುಬತ್ತಿ ಇರುವ ಕಡೆ ಬೇಡವೇ ಬೇಡ. ಹರವಿ ಹೇಳುವುದು ದಿಕ್ಕು ಮಾತ್ರ. ಉತ್ತರದ ಗೋಡೆ, ಕೆಳಗಿನ ಮನೆ, ಬಿಸಿಲು ಮುಟ್ಟದ ನೆಲ.

ಮಾಳಿಗೆಯ ಪರವಾಗಿ ಹೇಳುವುದು ವೈರಿನ ಮಾತು ಒಂದೇ. ಅದೂ ಪೂರ್ತಿ ನಿಜ ಅಲ್ಲ. ಗಿಡ್ಡ ಇರಬೇಕಾದದ್ದು ಬ್ಯಾಟರಿಗೂ ಇನ್ವರ್ಟರ್‌ಗೂ ನಡುವಿನ ದಪ್ಪ ವೈರು. ಅದರಲ್ಲಿ ಕಡಿಮೆ ವೋಲ್ಟ್, ಜಾಸ್ತಿ ಆಂಪಿಯರ್ ಓಡುತ್ತದೆ. ಪ್ಯಾನಲ್‌ನಿಂದ ಕೆಳಗೆ ಬರುವ ವೈರು ಉದ್ದ ಆದರೂ ನಡೆಯುತ್ತದೆ, ಪ್ಯಾನಲ್‌ಗಳನ್ನು ಸಾಲಾಗಿ ಜೋಡಿಸಿ ವೋಲ್ಟ್ ಏರಿಸಿದ್ದರೆ ಇನ್ನೂ ಒಳ್ಳೆಯದು. ಹದಿನೈದು ಮೀಟರ್ ವೈರಿನ ದುಡ್ಡು ಉಳಿಸಲು ಹೋಗಿ ನಾನು ಎರಡು ಬ್ಯಾಟರಿ ಕಳೆದುಕೊಂಡೆ.

ಮೆಟ್ಟಿಲ ಕೆಳಗಿನ ಜಾಗ ಬಹಳ ಮನೆಗಳಲ್ಲಿ ಖಾಲಿ ಬಿದ್ದಿರುತ್ತದೆ. ಎರಡನೇ ಆಯ್ಕೆಯಾಗಿ ಪರವಾಗಿಲ್ಲ, ಎರಡು ಶರತ್ತಿನ ಮೇಲೆ. ಪ್ಲೈವುಡ್ ಬಾಗಿಲು ಹಾಕಿ ಕಪಾಟು ಮಾಡಬೇಡಿ, ಜಾಲರಿ ಬಾಗಿಲು ಹಾಕಿಸಿ, ಹೈಡ್ರೋಜನ್ ಹಗುರ ಆದ್ದರಿಂದ ಮೇಲ್ತುದಿಯಲ್ಲಿ ಕಿಂಡಿ ಬಿಡಿ. ಮತ್ತೆ, ಮೇಲಿನವರು ಇಳಿದು ಬರುವ ದಾರಿ ಅದೊಂದೇ ಆಗಿದ್ದರೆ ಅಲ್ಲಿ ಬ್ಯಾಟರಿ ಬೇಡ. ಹಳೇ ಪೇಪರ್, ಗೋಣಿಚೀಲ, ಸ್ಕೂಟರ್ ಎಲ್ಲಾ ಅಲ್ಲೇ ತುರುಕುವ ಚಟ ನಮ್ಮದು, ಅಲ್ವಾ.

ಪಶ್ಚಿಮದ ಗೋಡೆ ಎಲ್ಲಕ್ಕಿಂತ ಮೋಸದ್ದು. ಬೆಳಗ್ಗೆ ತಣ್ಣಗೆ ಇರುತ್ತದೆ, ಫಿಟಿಂಗ್ ಮಾಡುವವರು ಬರುವುದೂ ಬೆಳಗ್ಗೆಯೇ. ಮೂರು ಗಂಟೆಯ ನಂತರ ಮುಟ್ಟಿ ನೋಡಿ. ಆ ಗೋಡೆ ರಾತ್ರಿ ಹತ್ತರವರೆಗೂ ಒಳಗೆ ಝಳ ಬಿಡುತ್ತಿರುತ್ತದೆ.

ಹಗೇವಿನ ಹಾಗೆ ನೆಲದೊಳಗೆ ಗುಂಡಿ ತೋಡಿಸಿದರೆ ಹೇಗೆ ಅಂತ ಒಬ್ಬರು ಕೇಳಿದ್ದರು. ತಂಪೇನೋ ಇರುತ್ತದೆ. ಗಾಳಿ ಆಡುವುದಿಲ್ಲ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಐವತ್ತು ಕಿಲೋ ಎತ್ತಿ ಇಳಿಸುವುದು ಯಾರು? ಬಿಡಿ ಅದನ್ನು.

ಕಲ್ಲಿನ ನೆಲದ ಬಗ್ಗೆ ಒಂದು ಮಾತು. ನಮ್ಮ ಹಳೇ ಮನೆಗಳ ಶಹಾಬಾದ್ ಕಲ್ಲು ಬೇಸಿಗೆಯಲ್ಲೂ ಕಾಲಿಗೆ ತಣ್ಣಗೆ ಹತ್ತುತ್ತದೆ. ಬ್ಯಾಟರಿಯ ತಳ ಅದಕ್ಕೆ ಹತ್ತಿಕೊಂಡಿದ್ದರೆ ಬಿಸಿ ನಿಧಾನಕ್ಕೆ ನೆಲಕ್ಕೆ ಇಳಿಯುತ್ತದೆ. ಚಕ್ರದ ಟ್ರಾಲಿ ಮೇಲೆ ಇಟ್ಟರೆ ಆ ಲಾಭ ಹೋಯಿತು. ಆದರೆ ಶಹಾಬಾದ್ ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ತಿಂದುಹಾಕುತ್ತದೆ. ನಾನು ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಕೊಳವೆ) ಹಾಕಿ ತೆಗೆಯುವಾಗ ನಾಲ್ಕು ಹನಿ ಬಿದ್ದವು. ಬುರುಬುರು ನೊರೆ ಎದ್ದು, ಒರೆಸುವಷ್ಟರಲ್ಲಿ ಬೂದು ಕಲ್ಲಿನ ಮೇಲೆ ನಾಲ್ಕಾಣೆ ಅಗಲದ ಬಿಳಿ ಕಲೆ. ಅವ್ವ ಇಂದಿಗೂ ಅದರ ಮೇಲೆ ಚಾಪೆ ಹಾಸುತ್ತಾರೆ. ಅಂಚು ಎತ್ತರ ಇರುವ ತೆಳು ಪ್ಲಾಸ್ಟಿಕ್ ತಟ್ಟೆ ಹಾಸಿ ಅದರ ಮೇಲೆ ಇಡಿ, ತಂಪೂ ಸಿಗುತ್ತದೆ, ಕಲ್ಲೂ ಉಳಿಯುತ್ತದೆ.

ಬ್ಯಾಟರಿಗಳನ್ನು ಒಂದಕ್ಕೊಂದು ಅಂಟಿಸಿ ಇಡಬೇಡಿ. ನಡುವೆ ಮೂರು ಬೆರಳು ಸಂದಿ, ಗೋಡೆಯಿಂದ ಒಂದು ಗೇಣು. ಇನ್ವರ್ಟರ್ ಕೂಡ ಬಿಸಿ ಉಗುಳುತ್ತದೆ, ಅದನ್ನು ಬ್ಯಾಟರಿಯ ನೆತ್ತಿಯ ಮೇಲೆ ಕೂರಿಸದೆ ಪಕ್ಕಕ್ಕೆ ಹಾಕಿಸಿ. ಮೇಲಿಟ್ಟರೆ ಆಸಿಡ್ ಹಬೆ ಅದರ ಬೋರ್ಡನ್ನೂ ತಿನ್ನುತ್ತದೆ.

ಟ್ಯೂಬುಲರಾ, ಸೀಲ್ಡಾ, ಲಿಥಿಯಮ್ಮಾ?

ಬಿಸಿಲಿಗೆ ಇವು ಮೂರೂ ಬೇರೆ ಬೇರೆ ರೀತಿ ಕೊರಗುತ್ತವೆ.

ಟ್ಯೂಬುಲರ್ ಸದ್ದಿಲ್ಲದೆ ಸಾಯುತ್ತದೆ. ಬಿಸಿಯಲ್ಲಿ ಮೊದಮೊದಲು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸ್ವಲ್ಪ ಜಾಸ್ತಿಯೇ ಕೊಟ್ಟ ಹಾಗೂ ಕಾಣುತ್ತದೆ. ಒಳಗೆ ಪ್ಲೇಟು ಸವೆಯುತ್ತಿರುತ್ತದೆ, ನೀರು ಆವಿಯಾಗುತ್ತಿರುತ್ತದೆ. ಚಳಿಗಾಲದಲ್ಲಿ ಎರಡು ಮೂರು ತಿಂಗಳಿಗೊಮ್ಮೆ ನೀರು ನೋಡಿದರೆ ಸಾಕು. ಯುಗಾದಿಯಿಂದ ಮಿರಗ ಮಳೆ ಬರುವವರೆಗೆ ಹದಿನೈದು ದಿನಕ್ಕೊಮ್ಮೆ ನೋಡಲೇಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರ್‌ವೆಲ್ ನೀರು ಬಕೆಟ್ಟಿಗೇ ಬಿಳಿ ಪದರ ಕಟ್ಟುತ್ತದೆ, ಅದನ್ನು ಬ್ಯಾಟರಿಗೆ ಹಾಕುವುದುಂಟೇ. ಇದರ ಒಳ್ಳೆಯ ಗುಣ ಎಂದರೆ, ಕಳೆದ ನೀರನ್ನು ನಾವು ವಾಪಸ್ ತುಂಬಬಹುದು, ಊರಿನ ಯಾವ ಬ್ಯಾಟರಿ ಅಂಗಡಿಯವನಿಗೂ ಇದರ ರಿಪೇರಿ ಗೊತ್ತು.

ಸೀಲ್ಡ್, ಅಂದರೆ ಮೆಂಟೆನೆನ್ಸ್ ಫ್ರೀ ಅಂತ ಮಾರುವ ಸೀಸದ ಬ್ಯಾಟರಿ. ನೀರು ಹಾಕುವ ಗೊಡವೆ ಇಲ್ಲ ಅನ್ನುವುದೇ ಇಲ್ಲಿ ಅದರ ಶಾಪ. ಬಿಸಿಗೆ ಒಳಗಿನ ನೀರು ಒಣಗಿದರೆ ತುಂಬುವ ದಾರಿಯೇ ಇಲ್ಲ. ಚಾರ್ಜ್ ವೋಲ್ಟ್ ಜಾಸ್ತಿ ಇದ್ದು ಜಾಗವೂ ಬಿಸಿ ಇದ್ದರೆ, ಬಿಸಿ ಏರಿದಷ್ಟೂ ಜಾಸ್ತಿ ಕರೆಂಟ್ ಎಳೆದು, ಎಳೆದಷ್ಟೂ ಬಿಸಿಯಾಗಿ ಉಬ್ಬುತ್ತದೆ. ಏಸಿ ಇರುವ ಆಫೀಸಿಗೆ ಸರಿ. ರಾಯಚೂರಿನ ಮನೆಗೆ ನಾನಂತೂ ಬೇಡ ಅನ್ನುತ್ತೇನೆ.

ಲಿಥಿಯಂ ಅಂದರೆ ಮನೆ ಸೋಲಾರ್‌ಗೆ ಈಗ ಜಾಸ್ತಿ ಬರುವುದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರ ಬಾಯಲ್ಲಿ ಎಲ್‌ಎಫ್‌ಪಿ. ಲಿಥಿಯಂ ಜಾತಿಯಲ್ಲಿ ಬಿಸಿಗೆ ಬೆಂಕಿ ಹತ್ತುವ ಭಯ ಕಡಿಮೆ ಇರುವುದು ಇದಕ್ಕೆ. ತುಂಬಿದ್ದರಲ್ಲಿ ನೂರಕ್ಕೆ 95ರಷ್ಟು ವಾಪಸ್ ಕೊಡುತ್ತದೆ. ಹಾಗಾಗಿ ಒಳಗಿನ ಬಿಸಿಯೂ ಕಡಿಮೆ. ನಮ್ಮ 100 ವ್ಯಾಟ್ ಬಲ್ಬಿನ ಜಾಗದಲ್ಲಿ 30 ವ್ಯಾಟಿನದು ಅಂದುಕೊಳ್ಳಿ. ಹೈಡ್ರೋಜನ್ ಕಾಟ ಇಲ್ಲ, ನೀರು ಹಾಕುವ ಕೆಲಸ ಇಲ್ಲ.

ಆದರೆ ಇದು ಟ್ಯೂಬುಲರ್ ಹಾಗೆ ಸಹಿಸಿಕೊಂಡು ಕೂರುವುದಿಲ್ಲ, ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಒಳಗೆ ಬಿಎಂಎಸ್ ಅನ್ನುವ ಕಾವಲುಗಾರ ಇದ್ದಾನೆ. ಸೆಲ್‌ಗಳು ಒಂದು ಮಟ್ಟ ದಾಟಿ ಕಾದರೆ ಚಾರ್ಜ್ ನಿಲ್ಲಿಸುತ್ತಾನೆ. ಬಹಳ ಮಾದರಿಗಳಲ್ಲಿ ಆ ಮಿತಿ 45 ಡಿಗ್ರಿ, ಕೆಲವದರಲ್ಲಿ 55. ಸಿಂಧನೂರಿನ ನಮ್ಮ ಮಾವನ ಮನೆಯಲ್ಲಿ ಆಗಿದ್ದು ಇದೇ. ಗೋಡೆಗೆ ನೇತುಹಾಕುವ ಲಿಥಿಯಂ ಪೆಟ್ಟಿಗೆಯನ್ನು ಪಶ್ಚಿಮದ ಹೊರಗೋಡೆಗೆ ಹಾಕಿಸಿದ್ದರು. ನೀರು, ಧೂಳು ಒಳಗೆ ಹೋಗುವುದಿಲ್ಲ, ಹೊರಗೇ ಇರಲಿ ಅಂತ. ಏಪ್ರಿಲ್ ಬಂತು. ಮಧ್ಯಾಹ್ನ ಎರಡಕ್ಕೆ ಕೆಂಪು ದೀಪ, ಚಾರ್ಜ್ ಬಂದ್. ಮಾಳಿಗೆ ಮೇಲೆ ಪ್ಯಾನಲ್ ಸುಮ್ನೆ ಬಿಸಿಲು ಕಾಯಿಸುತ್ತಾ ಕೂತಿದ್ದವು, ರಾತ್ರಿಗೆ ಬ್ಯಾಟರಿ ಅರ್ಧ. ಕಂಪನಿಗೆ ನಾಲ್ಕು ಸಲ ಫೋನ್ ಮಾಡಿದರು. ಪೆಟ್ಟಿಗೆಯಲ್ಲಿ ದೋಷ ಇರಲೇ ಇಲ್ಲ. ಒಳಗಡೆ ಉತ್ತರದ ಗೋಡೆಗೆ ತಂದ ಮೇಲೆ ಒಂದು ದಿನವೂ ಕೆಂಪು ದೀಪ ಹತ್ತಿಲ್ಲ. ನೀರು ಹೋಗದ ಪೆಟ್ಟಿಗೆಯೊಳಗೆ ಗಾಳಿಯೂ ಹೋಗುವುದಿಲ್ಲ, ಬಿಸಿ ಮೈಯಿಂದಲೇ ಹೊರಬೀಳಬೇಕು ಅನ್ನುವುದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಹಾಗಾಗಿ ಲಿಥಿಯಂ ಕೊಳ್ಳುವಾಗ ವಾರಂಟಿ ವರ್ಷ ಕೇಳುವ ಮೊದಲು, "ಚಾರ್ಜ್ ಎಷ್ಟು ಡಿಗ್ರಿವರೆಗೆ ತಗೊಳ್ಳುತ್ತೆ?" ಅಂತ ಕೇಳಿ. ಕಾಗದದಲ್ಲಿ ಬರೆದಿರುತ್ತದೆ. ವಾರಂಟಿಯ ಶರತ್ತಿನಲ್ಲೂ ಒಂದು ಡಿಗ್ರಿ ಇರಬಹುದು, ಅದನ್ನೂ ಓದಿ.

ಊರಿಗೆ ಹೋಗುವಾಗ ಇವೆರಡರ ಬುದ್ಧಿ ಉಲ್ಟಾ. ಟ್ಯೂಬುಲರ್ ಅನ್ನು ಪೂರ್ತಿ ತುಂಬಿಸಿ ಬಿಟ್ಟುಹೋಗಬೇಕು, ಖಾಲಿ ಬಿಟ್ಟರೆ ಪ್ಲೇಟು ಹಾಳು. ಲಿಥಿಯಂ ತುಂಬಿಕೊಂಡೇ ಬಿಸಿಯಲ್ಲಿ ಕೂತರೆ ಬೇಗ ಮುದಿಯಾಗುತ್ತದೆ, ಅದನ್ನು ಅರ್ಧದ ಆಸುಪಾಸಿನಲ್ಲಿ ಬಿಟ್ಟು ಹೋಗಿ.

ನನ್ನ ಆಯ್ಕೆ? ನೆಲದ ಮಟ್ಟದಲ್ಲಿ ನೆರಳಿನ ಜಾಗ ಇದ್ದು ದುಡ್ಡಿಗೆ ತೊಂದರೆ ಇಲ್ಲದಿದ್ದರೆ ಎಲ್‌ಎಫ್‌ಪಿ. ದುಡ್ಡು ಬಿಗಿ ಇದ್ದು, ನೀರು ನೋಡುವ ಶಿಸ್ತು ಮನೆಯಲ್ಲಿ ಯಾರಿಗಾದರೂ ಇದ್ದರೆ ಟ್ಯೂಬುಲರ್. ಶಿಸ್ತು ಇಲ್ಲದಿದ್ದರೆ ಅದು ಅಗ್ಗ ಅಲ್ಲವೇ ಅಲ್ಲ.

ಬ್ಯಾಟರಿಯೇ ಬೇಡ ಅನ್ನುವ ದಾರಿಯೂ ಇದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಪ್ಯಾನಲ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಲೈನಿಗೆ ಜೋಡಿಸಿ ಬಿಲ್ಲು ಇಳಿಸಿಕೊಳ್ಳಬಹುದು. ಆದರೆ ಬ್ಯಾಟರಿ ಇಲ್ಲದ ಆ ವ್ಯವಸ್ಥೆ ಕರೆಂಟ್ ಹೋದಾಗ ತಾನೂ ಆಫ್ ಆಗುತ್ತದೆ, ಲೈನ್‌ಮನ್ ಜೀವಕ್ಕೆ ಅಪಾಯ ಆಗಬಾರದು ಅಂತ. ಮೇ ತಿಂಗಳ ರಾತ್ರಿಗೆ ಅದು ಉತ್ತರ ಅಲ್ಲ.

ಫ್ಯಾನು, ಕೂಲರು, ಏಸಿ

ಫ್ಯಾನಿನ ವಿಷಯದಲ್ಲಿ ಬಹಳ ಜನ ಮಾಡುವ ತಪ್ಪು, ಮಧ್ಯಾಹ್ನ ಹಚ್ಚುವುದು. ನೆಲಮಟ್ಟದ ನೆರಳಿನ ಕೋಣೆಯಲ್ಲಿ ಬ್ಯಾಟರಿ 35ರಲ್ಲಿ ಇದೆ, ಹೊರಗೆ 42. ಆಗ ಎಕ್ಸಾಸ್ಟ್ ಫ್ಯಾನ್ ಹಚ್ಚಿದರೆ ಹೊರಗಿನ ಬಿಸಿಗಾಳಿಯನ್ನು ನೀವೇ ಒಳಗೆ ಕರೆದ ಹಾಗೆ. ಮಧ್ಯಾಹ್ನ ಕಿಟಕಿ ಮುಚ್ಚಿ, ಹೈಡ್ರೋಜನ್‌ಗಾಗಿ ಮೇಲಿನ ಕಿಂಡಿ ಮಾತ್ರ ತೆರೆದಿಡಿ. ಫ್ಯಾನ್ ಹಚ್ಚುವುದು ರಾತ್ರಿ ಒಂಬತ್ತರಿಂದ ಬೆಳಗ್ಗೆ ಏಳರವರೆಗೆ. ಒಂದು ಟೈಮರ್ ಪ್ಲಗ್ ಸಾಕು. ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಹಗಲು ಬಾಗಿಲು ಮುಚ್ಚಿ, ಸಂಜೆ ಗವಾಕ್ಷಿ ತೆರೆಯುತ್ತಿದ್ದರಲ್ಲ, ಅದೇ ಲೆಕ್ಕ.

ತಗಡಿನ ಕೋಣೆ ಬಿಟ್ಟರೆ ಬೇರೆ ಜಾಗವೇ ಇಲ್ಲ ಅನ್ನುವವರಿಗೆ ಲೆಕ್ಕ ತಿರುಗುತ್ತದೆ. ಅಲ್ಲಿ ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿ, ಹಾಗಾಗಿ ಹಗಲೂ ಫ್ಯಾನ್ ಓಡಲಿ. ಅದಕ್ಕೂ ಮೊದಲು ತಗಡಿನ ಮೇಲೆ ಬಿಳಿ ಕೂಲ್ ರೂಫ್ ಪೇಂಟ್ ಬಳಿಯಿರಿ, ಕೆಳಗೆ ಒಂದು ಗೇಣು ಬಿಟ್ಟು ಇನ್ನೊಂದು ಪದರ ಸೀಲಿಂಗ್ ಹಾಕಿಸಿ. ಮೇಲೆ ನೆರಳಾಗುವಂತೆ ಪ್ಯಾನಲ್‌ಗಳನ್ನೇ ಜೋಡಿಸಬಹುದಾದರೆ ಇನ್ನೂ ಒಳ್ಳೆಯದು.

ಖರ್ಚಿನ ಲೆಕ್ಕ ಹೀಗೆ. ನಾಲ್ಕು 150 ಆಂಪಿಯರ್ ಅವರ್ ಬ್ಯಾಟರಿ ಅಂದರೆ ಕಾಗದದ ಮೇಲೆ 7.2 ಯೂನಿಟ್. ಅರ್ಧ ಮಾತ್ರ ಬಳಸುವುದು ಜಾಣತನ, ಅಂದರೆ 3.6. ಇಪ್ಪತ್ತು ವ್ಯಾಟಿನ ಡಿಸಿ ಫ್ಯಾನ್ ರಾತ್ರಿ ಹತ್ತು ತಾಸು ಓಡಿದರೆ 0.2 ಯೂನಿಟ್. ಗೊತ್ತೇ ಆಗುವುದಿಲ್ಲ. 150 ವ್ಯಾಟಿನ ಕೂಲರ್ ಎಂಟು ತಾಸಿಗೆ 1.2 ಯೂನಿಟ್, ಮೂರರಲ್ಲೊಂದು ಪಾಲು ಹೋಯಿತು. ಒಂದು ಟನ್ ಏಸಿ ತಾಸಿಗೆ ಒಂದು ಯೂನಿಟ್ ಆಸುಪಾಸು ತಿನ್ನುತ್ತದೆ. ಬ್ಯಾಟರಿ ತಂಪಿಡಲು ಇಡೀ ಬ್ಯಾಟರಿಯನ್ನೇ ಖರ್ಚು ಮಾಡಿದ ಹಾಗೆ. ಮಲಗುವ ಕೋಣೆಗೆ ಹೇಗೂ ಏಸಿ ಹಾಕುತ್ತೀರಿ, ಬ್ಯಾಟರಿಯೂ ಅಲ್ಲೇ ಇರಲಿ ಅಂದರೆ, ಮಲಗುವಲ್ಲಿ ಯಾವ ಬ್ಯಾಟರಿಯೂ ಬೇಡ.

ಕೂಲರ್ ನಮ್ಮ ಒಣಹವೆಗೆ ಹೇಳಿ ಮಾಡಿಸಿದ್ದು. ಆದರೆ ಅದು ಮನುಷ್ಯರಿಗೆ. ಹಸಿಗಾಳಿಯನ್ನು ನೇರ ಬ್ಯಾಟರಿ ಮೇಲೆ ಬಿಟ್ಟರೆ ಟರ್ಮಿನಲ್ ಮೇಲೆ ಹಸಿರು ಬಿಳಿ ಹಿಟ್ಟು ಬೆಳೆಯುತ್ತದೆ, ಇನ್ವರ್ಟರ್ ಒಳಗೆ ತೇವ ಸೇರುತ್ತದೆ. ಹರವಿಗೆ ಸುತ್ತಿದ ಹಾಗೆ ಬ್ಯಾಟರಿಗೆ ಒದ್ದೆ ಗೋಣಿತಟ್ಟು ಹೊದಿಸುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಗಾಳಿ ಬಿಡುವ ಮುಚ್ಚಳಗಳು ಮುಚ್ಚಿಹೋಗುತ್ತವೆ, ಎರಡು ಟರ್ಮಿನಲ್ ನಡುವೆ ಒದ್ದೆ ಬಟ್ಟೆ ಬಿದ್ದರೆ ಕರೆಂಟ್ ಹರಿಯಲು ಅದೇ ದಾರಿ.

ದುಡ್ಡು ಖರ್ಚಿಲ್ಲದ ಒಂದು ಕೆಲಸ

ಸೀಸದ ಬ್ಯಾಟರಿ ಬಿಸಿಯಾದಂತೆ ಅದಕ್ಕೆ ಚಾರ್ಜ್ ವೋಲ್ಟ್ ಕಡಿಮೆ ಸಾಕು. 27ರಿಂದ ಮೇಲೆ ಪ್ರತಿ ಡಿಗ್ರಿಗೆ, ಪ್ರತಿ ಸೆಲ್‌ಗೆ, 3ರಿಂದ 5 ಮಿಲಿವೋಲ್ಟ್ ಇಳಿಸಬೇಕು. 12 ವೋಲ್ಟಿನ ಒಂದು ಬ್ಯಾಟರಿಯೊಳಗೆ ಆರು ಸೆಲ್, ನಾಲ್ಕು ಸೇರಿದ 48 ವೋಲ್ಟಿನ ಸಾಲಿನಲ್ಲಿ 24 ಸೆಲ್. ಬ್ಯಾಟರಿ 40 ಡಿಗ್ರಿಯಲ್ಲಿದ್ದರೆ ಸುಮಾರು 1.2 ವೋಲ್ಟ್ ಇಳಿಕೆ, 57.6 ಇದ್ದದ್ದು 56.4ರ ಹತ್ತಿರ. ಇಳಿಸದಿದ್ದರೆ ದಿನವೂ ಜಾಸ್ತಿ ತುಂಬಿ, ನೀರು ಕುದಿಸಿದ ಹಾಗೆ. ಇನ್ವರ್ಟರ್ ಜೊತೆ ಬಾಲದ ಹಾಗೆ ಒಂದು ತಾಪದ ಸೆನ್ಸರ್ ಬಂದಿದ್ದರೆ ಅದನ್ನು ಡಬ್ಬಿಯಲ್ಲೇ ಬಿಡದೆ ಬ್ಯಾಟರಿಯ ಪಕ್ಕೆಗೆ ಅಂಟಿಸಿ, ಅದೇ ಎಲ್ಲಾ ನೋಡಿಕೊಳ್ಳುತ್ತದೆ. ನನ್ನದು ಎರಡು ವರ್ಷ ಡಬ್ಬಿಯಲ್ಲೇ ಇತ್ತು. ಲಿಥಿಯಂಗೆ ಈ ಲೆಕ್ಕ ಹಾಕಬೇಡಿ, ಅದಕ್ಕೆ ಕಂಪನಿ ಕೊಟ್ಟ ವೋಲ್ಟೇ ಸರಿ.

ಹೊಸ ಮನೆ ಕಟ್ಟುತ್ತಿದ್ದರೆ

ಮೇಸ್ತ್ರಿಗೆ ಈಗಲೇ ಹೇಳಿಬಿಡಿ. ಕೆಳಮನೆಯ ಉತ್ತರದ ಗೋಡೆಯಲ್ಲಿ ನಾಲ್ಕು ಅಡಿ ಅಗಲ, ಎರಡು ಅಡಿ ಆಳದ ಒಂದು ಗೂಡು. ತಳದಲ್ಲಿ ಒಂದು ಕಿಂಡಿ, ಸೂರಿಗೆ ಹತ್ತಿ ಇನ್ನೊಂದು, ಎರಡಕ್ಕೂ ಸೊಳ್ಳೆ ಜಾಲರಿ. ಮಾಳಿಗೆಯಿಂದ ಅಲ್ಲಿಗೆ ಒಂದು ಖಾಲಿ ಪೈಪು ಗೋಡೆಯೊಳಗೇ ಹಾಯಿಸಿಡಿ. ಪ್ಲಾಸ್ಟರ್ ಆದ ಮೇಲೆ ಗೋಡೆ ಒಡೆಸಿದ್ದಕ್ಕೆ ನಾನು ಕೊಟ್ಟ ಕೂಲಿಯಲ್ಲಿ ಇನ್ನೂ ಎರಡು ಫ್ಯಾನ್ ಬರುತ್ತಿದ್ದವು. ತಗಡಿನ ಕೋಣೆ ಈಗ ಖಾಲಿ. ಅವ್ವ ಅಲ್ಲಿ ಶಾವಿಗೆ ಒಣಗಿಸುತ್ತಾರೆ, ಒಂದೇ ದಿನಕ್ಕೆ ಗರಿಗರಿ ಆಗುತ್ತವಂತೆ.